ಹದಿನೇಳನೇ ಹಲಗೆಯ ಕನ್ನಡಿ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗಂಟಮ್ಮ ಎಂದೇ ಕರೆಯುತ್ತಿದ್ದರು. ಹೆಲಿಕಾಪ್ಟರಿನ ಹೊಟ್ಟೆಯೊಳಗೆ ನೂರಾರು ವೈರುಗಳು ಹಾದುಹೋಗುತ್ತವಲ್ಲ, ಅವನ್ನು ಕಟ್ಟುಕಟ್ಟಾಗಿ ಸೇರಿಸಿ, ಮೇಣ ಹಚ್ಚಿದ ದಾರದಿಂದ ಎರಡೆರಡು ಬೆರಳಿಗೊಂದು ಗಂಟು ಹಾಕುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಅವಳು ಹಾಕಿದ ಗಂಟು ತಾನಾಗಿ ಸಡಿಲಿದ್ದನ್ನು ಕಂಡವರಿಲ್ಲ. ಬೇಡವೆಂದರೆ ಕತ್ತರಿಸಬೇಕು, ಅಷ್ಟೆ.

ಆ ವರ್ಷ ಕಾರ್ಖಾನೆಗೆ ದೊಡ್ಡ ಕೆಲಸ ಬಂದಿತ್ತು. ಸೇನೆಯಲ್ಲಿ ಇಪ್ಪತ್ತು ವರ್ಷ ಹಾರಿ ದಣಿದಿದ್ದ ಆರು ದಾಳಿ ಹೆಲಿಕಾಪ್ಟರುಗಳನ್ನು ಬಿಚ್ಚುವುದು. ಹಳೆಯ ವೈರು ಕಿತ್ತು ಹೊಸದು ಎಳೆಯುವುದು. ಮುಳ್ಳು ತಿರುಗುತ್ತಿದ್ದ ಮೀಟರುಗಳ ಜಾಗದಲ್ಲಿ ಬಣ್ಣದ ಪರದೆ ಕೂರಿಸುವುದು, ಮೂಗಿನ ತುದಿಗೆ ಮೈಲಿಗಟ್ಟಲೆ ದೂರ ನೋಡಬಲ್ಲ ಕ್ಯಾಮೆರಾ ಕಣ್ಣು ಇಡುವುದು. ಆಮೇಲೆ ಬೇರೆ ದೇಶಕ್ಕೆ ಮಾರುವುದು. ಮೊದಲನೆಯದು ಮುಗಿಯುತ್ತ ಬಂದಿತ್ತು.

“ಮುದುಕಿಗೆ ಹಲ್ಲು ಕಟ್ಟಿಸಿ, ತಲೆಗೆ ಬಣ್ಣ ಹಚ್ಚಿ, ಪರದೇಶಕ್ಕೆ ಮದುವೆ ಮಾಡಿ ಕೊಡ್ತಿದ್ದೀವಿ ನೋಡಿ” ಎಂದು ಬಣ್ಣ ಬಳಿಯುವವನು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದ. “ಗಂಡಿನ ಕಡೆಯವರು ಸೋಮವಾರ ಬರ್ತಾರೆ. ಅವರ ಮುಂದೆ ಮುದುಕಿ ಕೆಮ್ಮದೆ ಇದ್ರೆ ಸಾಕು.”

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಒಬ್ಬೊಬ್ಬರಿಗೂ ಒಂದೊಂದು ಹಲಗೆ. ಹಲಗೆಯ ಮೇಲೆ ಅವರವರ ಇಕ್ಕಳ, ಕತ್ತರಿ, ಸ್ಕ್ರೂಡ್ರೈವರುಗಳ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿರುತ್ತಿತ್ತು, ನೆಲದ ಮೇಲೆ ಬಿದ್ದ ನೆರಳಿನ ಹಾಗೆ. ಕೆಲಸ ಮುಗಿದಾಗ ಒಂದೊಂದು ಸಾಮಾನೂ ತನ್ನ ನೆರಳಿನ ಮೇಲೆ ಹೋಗಿ ಕೂರಬೇಕು. ಒಂದು ನೆರಳು ಬರಿದಾಗಿ ಕಂಡರೂ ಯಂತ್ರದ ಮುಚ್ಚಳ ಹಾಕುವಂತಿಲ್ಲ. ಯಾವ ಕಾಲದಲ್ಲೋ ಯಾರೋ ಮರೆತುಬಿಟ್ಟ ಸ್ಪ್ಯಾನರು ಪೈಲಟ್ಟಿನ ಕಾಲಡಿಯ ಪೆಡಲಿಗೆ ಸಿಕ್ಕಿಕೊಂಡು ಇಬ್ಬರು ಸತ್ತಿದ್ದರು. ಅಂದಿನಿಂದ ಬಂದ ಪದ್ಧತಿ ಅದು. ಕೆಲಸಗಾರ ಹಲಗೆ ತುಂಬಿಸಿ ಸಹಿ ಹಾಕಬೇಕು, ತಪಾಸಣೆಯವರು ಒಂದೊಂದನ್ನೂ ನೋಡಿ ಮುದ್ರೆ ಒತ್ತಬೇಕು.

ಗಂಟಮ್ಮನದು ಹದಿನೇಳನೇ ಹಲಗೆ. ಅದರ ಮೇಲೆ ಹನ್ನೊಂದು ಸಾಮಾನು. ಹನ್ನೊಂದನೆಯದು ಒಂದು ಕನ್ನಡಿ. ನಾಣ್ಯದಷ್ಟು ಅಗಲ, ಗೇಣುದ್ದದ ಕಡ್ಡಿ, ಕುತ್ತಿಗೆ ಎತ್ತ ಬೇಕಾದರೂ ಹೊರಳುತ್ತದೆ. ಕಣ್ಣು ಹೋಗದ ಮೂಲೆಗೆ ಅದನ್ನು ತೂರಿಸಿ ಗಂಟಿನ ಬೆನ್ನು ನೋಡುವುದು.

ಹದಿನೇಳನೇ ಹಲಗೆಗೆ ಮುದ್ರೆ ಒತ್ತುತ್ತಿದ್ದವಳು ಅವಳ ಸೊಸೆಯೇ. ಮಗ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆ ಎರಡು ಸಲ ಮನೆ ಮುಖ ನೋಡುವವನು. ಹೀಗಾಗಿ ಅತ್ತೆ ಸೊಸೆ ಇಬ್ಬರೇ ಬೆಳಗ್ಗೆ ಜೊತೆಯಾಗಿ ನಡೆದು ಬಂದು, ಸಂಜೆ ಜೊತೆಯಾಗಿ ನಡೆದು ಹೋಗುತ್ತಿದ್ದರು. ತಪಾಸಣೆಯ ಪರೀಕ್ಷೆಗೆ ಕೂರು ಎಂದು ಸೊಸೆಯ ಬೆನ್ನು ಹತ್ತಿದ್ದವಳು ಗಂಟಮ್ಮನೇ. ಎರಡು ಸಲ ಕೂತು, ಎರಡನೆಯ ಸಲ ಪಾಸಾಗಿ, ಹನ್ನೊಂದು ತಿಂಗಳ ಹಿಂದೆ ಆ ಹುಡುಗಿ ಕೊರಳಿಗೆ ಸರಪಣಿ ಹಾಕಿಕೊಂಡು ಅದರ ತುದಿಗೆ ಮುದ್ರೆ ಇಳಿಬಿಟ್ಟಳು. ಆ ಶೆಡ್ಡಿನಲ್ಲಿ ಮುದ್ರೆ ಹಿಡಿದ ಮೊದಲ ಹೆಂಗಸು. ಅತ್ತೆಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ.

ಆದದ್ದು ಶುಕ್ರವಾರ. ಮಧ್ಯಾಹ್ನ ಮೇಲಿನ ಪೈಪೊಂದರಿಂದ ಎಣ್ಣೆ ಸುರಿದು ಗಂಟಮ್ಮನ ಏಪ್ರನ್ ತೊಪ್ಪೆಯಾಯಿತು. ಅದನ್ನು ಮಡಚಿ ಚೀಲಕ್ಕೆ ತುರುಕಿ, ಬೇರೊಂದು ಕಟ್ಟಿಕೊಂಡು ಮತ್ತೆ ಕೆಲಸಕ್ಕೆ ಕೂತಳು. ಪೈಲಟ್ಟಿನ ಕಾಲಡಿಯ ಮುಚ್ಚಳಕ್ಕೆ ನಲವತ್ತೆರಡು ಸ್ಕ್ರೂ. ಕೊನೆಯದನ್ನು ಬಿಗಿದು, ಕೈ ಒರೆಸಿಕೊಂಡು ಸಾಮಾನುಗಳನ್ನು ಹಲಗೆಗೆ ಸೇರಿಸುತ್ತ ಬಂದರೆ ಹನ್ನೊಂದನೇ ನೆರಳು ಬರಿದಾಗಿತ್ತು.

ಜೇಬು ತಡಕಿದಳು. ನೆಲ ನೋಡಿದಳು, ಮೆಟ್ಟಿಲ ಸಂದಿ ನೋಡಿದಳು, ದಾರದ ಡಬ್ಬಿ ಬೋರಲು ಹಾಕಿದಳು. ಇಲ್ಲ. ಇರುವುದಾದರೆ ಆ ನಲವತ್ತೆರಡು ಸ್ಕ್ರೂಗಳ ಕೆಳಗೇ ಇರಬೇಕು. ಗಡಿಯಾರದಲ್ಲಿ ನಾಲ್ಕೂ ನಲವತ್ತು. ಬಾಯಿಬಿಟ್ಟರೆ ಇಡೀ ಶೆಡ್ಡು ಶನಿವಾರ, ಭಾನುವಾರ ಮನೆಗೆ ಹೋಗುವಂತಿಲ್ಲ. ಸೋಮವಾರ ಬೆಳಗ್ಗೆ ಕೊಳ್ಳುವ ದೇಶದವರು ಬಂದು ಅರೆಬರೆ ಬಿಚ್ಚಿದ ಯಂತ್ರ ನೋಡುತ್ತಾರೆ. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಬರಿದಾಗದ ಹಲಗೆ ಅದು.

ಲಾಕರಿನಲ್ಲಿ ಅವಳ ಹಳೆಯ ಕನ್ನಡಿ ಇತ್ತು. ಹಿಂದಿನ ವರ್ಷ ಎಲ್ಲರಿಗೂ ಹೊಸ ಸಾಮಾನು ಬಂದಾಗ ಹಳೆಯದನ್ನು ನೆನಪಿಗಿರಲಿ ಎಂದು ಅವರವರಿಗೇ ಕೊಟ್ಟುಬಿಟ್ಟಿದ್ದರು. ಗಂಡನಿಗೆ ದವಡೆಯ ಹಲ್ಲು ನೋವು, ಕನ್ನಡಿ ಮುಂದೆ ನಿಂತರೆ ಕಾಣುವುದಿಲ್ಲವೆಂದು ಗೊಣಗುತ್ತಿದ್ದರು. ‘ನನ್ನ ಹಳೇ ಕನ್ನಡಿ ತಂದುಕೊಡ್ತೀನಿ ತಾಳಿ’ ಎಂದು ಹೇಳಿ ತಿಂಗಳುಗಳೇ ಆಗಿದ್ದವು, ದಿನಾ ಮರೆಯುತ್ತಿದ್ದಳು. ಹಳೆಯದರ ಕಡ್ಡಿಯ ಮೇಲೂ ಹದಿನೇಳು ಎಂದೇ ಕೊರೆದಿತ್ತು. ಹೊಸದರ ಮೇಲೆ ಹದಿನೇಳರ ಪಕ್ಕ ಒಂದು ಸಣ್ಣ ನಕ್ಷತ್ರ. ವ್ಯತ್ಯಾಸ ಅಷ್ಟೇ.

ಸೋಮವಾರ ಬೇಗ ಬಂದು ಹುಡುಕಿದರಾಯಿತು, ಎಲ್ಲೋ ನೆಲಕ್ಕೆ ಹಾಸಿದ ಗೋಣಿಯ ಕೆಳಗೆ ಸಿಕ್ಕೇ ಸಿಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಹಳೆಯದನ್ನು ತಂದು ನೆರಳಿನ ಮೇಲೆ ತೂಗುಹಾಕಿದಳು.

ಸೊಸೆ ಬಂದಳು. ಬೇರೆಯವರ ಹಲಗೆಯ ಮುಂದೆ ಬಗ್ಗಿ, ಒಂದೊಂದು ಸಾಮಾನನ್ನೂ ತೆಗೆದು, ನಂಬರು ಓದಿ ಇಡುವವಳು ಅತ್ತೆಯ ಹಲಗೆಯ ಮುಂದೆ ನಿಂತು ಒಮ್ಮೆ ಕಣ್ಣಾಡಿಸಿದಳು.

“ಆಯ್ತಾ ಅತ್ತೆ?”

“ಆಯ್ತಮ್ಮ.”

ಮುದ್ರೆ ಬಿತ್ತು.

ಶನಿವಾರವೂ ಭಾನುವಾರವೂ ಗಂಟಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ. ಕಾರ್ಖಾನೆಯ ಮಾತು ಗೇಟಿನಾಚೆ ಬರಕೂಡದೆಂದು ಎಲ್ಲರೂ ಸಹಿ ಹಾಕಿದ್ದರು. ಸೊಸೆಗಂತೂ ಆ ಸಹಿ ಎಂದರೆ ಆಣೆ. ಮನೆಯಲ್ಲಿ ಸ್ಕ್ರೂ ಎಂಬ ಮಾತನ್ನೂ ಆಡಳು. ಆದರೂ ಭಾನುವಾರ ಬೆಳಗ್ಗೆ ತಟ್ಟೆ ತೊಳೆಯುತ್ತ ಮಾವನ ಹತ್ತಿರ, “ಎಲ್ಲರೂ ನಮ್ಮ ಅತ್ತೆ ಥರ ಇದ್ದಿದ್ರೆ ನನಗೆ ಕೆಲಸವೇ ಇರ್ತಿರಲಿಲ್ಲ ಮಾವ, ಕಣ್ಮುಚ್ಚಿ ಒತ್ತಬಹುದು” ಎಂದು ನಕ್ಕಳು. ಏನನ್ನು ಒತ್ತುವುದು ಎಂದು ಮಾವನಿಗೆ ತಿಳಿಯಲಿಲ್ಲ. ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದವಳಿಗೆ ತಿಳಿಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಗಂಡ ಬಸ್ಸು ಓಡಿಸಿ ನಿವೃತ್ತರಾದವರು. ಮನೆಯ ಬಟ್ಟೆಯೆಲ್ಲ ಅವರದೇ ಪಾಲು. “ಇಷ್ಟು ವರ್ಷ ಸ್ಟಿಯರಿಂಗ್ ತಿರುವಿದ ಕೈ, ಸುಮ್ನೆ ಇರು ಅಂದ್ರೆ ಇರುತ್ತಾ? ಬಟ್ಟೆನಾದ್ರೂ ಹಿಂಡಲಿ” ಎನ್ನುತ್ತಿದ್ದರು. ಅವತ್ತೂ ಎಣ್ಣೆ ಹಿಡಿದ ಏಪ್ರನ್ ಉಜ್ಜಿ, ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ಹೆಂಡತಿಯ ತಲೆದಿಂಬಿನ ಹತ್ತಿರ ನಿಂತರು.

“ಪರವಾಗಿಲ್ಲ ಕಣೇ, ಕೊನೆಗೂ ನೆನಪಿಟ್ಟುಕೊಂಡೆ” ಎಂದರು.

ಅವಳಿಗೆ ಯಾವ ಮಾತೂ ಬೇಕಿರಲಿಲ್ಲ. “ಹ್ಞೂಂ” ಎಂದು ಹೊದಿಕೆ ಎಳೆದುಕೊಂಡಳು.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಗೋಣಿ ಕೊಡವಿದಳು, ಕಸದ ಡಬ್ಬಿ ಬಗೆದಳು. ಕನ್ನಡಿ ಸಿಗಲಿಲ್ಲ. ಅಷ್ಟರಲ್ಲಿ ಶೆಡ್ಡಿನ ಸಾಹೇಬರು ಇಸ್ತ್ರಿ ಮುರಿಯದ ಅಂಗಿ ತೊಟ್ಟು, ಕೊಳ್ಳುವ ದೇಶದವರನ್ನು ಕರೆದುಕೊಂಡು ಬಂದೇಬಿಟ್ಟರು. ನರೆತ ಮೀಸೆಯ ಹಿರಿಯ ಅಧಿಕಾರಿ, ಒಬ್ಬ ಪೈಲಟ್ಟು, ಅವರ ಮಾತನ್ನು ಇವರಿಗೆ ಇವರ ಮಾತನ್ನು ಅವರಿಗೆ ಹೇಳುವ ದುಭಾಷಿ ಹೆಂಗಸು.

ಪೈಲಟ್ಟಿಗೆ ಗಂಟಮ್ಮನ ಮಗನ ವಯಸ್ಸಿರಬಹುದು. ತೆರೆದಿದ್ದ ಪಕ್ಕದ ಬಾಗಿಲಿನಲ್ಲಿ ಇಣುಕಿ, ವೈರಿನ ಕಟ್ಟಿನ ಮೇಲೆ ಸಾಲಾಗಿ ಕೂತ ಗಂಟುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ಏನೋ ಹೇಳಿದ. ದುಭಾಷಿ, “ಇದನ್ನ ಕಟ್ಟಿದವರು ಯಾರು ಅಂತ ಕೇಳ್ತಿದ್ದಾರೆ” ಎಂದಳು. ಸಾಹೇಬರು ಗಂಟಮ್ಮನನ್ನು ಮುಂದಕ್ಕೆ ಕರೆದರು. “ಇವರ ತಾಯಿ ಮೀನಿನ ಬಲೆ ಹೆಣೀತಾರಂತೆ. ಅವರ ಗಂಟು ಬಿಟ್ರೆ ಇಷ್ಟು ಸಮನಾದ ಗಂಟು ಇವರು ನೋಡಿಲ್ವಂತೆ.”

ಹುಡುಗ ನಗುತ್ತ ಮೇಲೆ ಹತ್ತಿ ಮುಂದಿನ ಸೀಟಿನಲ್ಲಿ ಕೂತ. ಎರಡೂ ಪಾದಗಳನ್ನು ಪೆಡಲಿನ ಮೇಲಿಟ್ಟು ಎಡಕ್ಕೊಮ್ಮೆ ಒತ್ತಿದ, ಬಲಕ್ಕೊಮ್ಮೆ ಒತ್ತಿದ. ನಾಳೆ ಇದನ್ನೇ ಮೇಲಕ್ಕೆ ಏರಿಸುವವನು ಇವನು. ಆ ಪಾದಗಳ ಕೆಳಗೆ ನಲವತ್ತೆರಡು ಸ್ಕ್ರೂ. ಗಂಟಮ್ಮ ಅವನ ಬೂಟನ್ನೇ ನೋಡುತ್ತಿದ್ದಳು. ಒಂದರ ಲೇಸು ಸ್ವಲ್ಪ ಸಡಿಲವಾಗಿತ್ತು.

“ಅವರನ್ನ ಕೆಳಗಿಳಿಸಿ ಸಾರ್” ಎಂದಳು.

ಸಾಹೇಬರು ನಗು ಬಿಡದೆ ಅವಳ ಕಡೆ ಬಗ್ಗಿದರು. “ಏನಮ್ಮ?”

“ಇಳಿಸಿ. ಇದು ಹಾರೋ ಹಾಗಿಲ್ಲ. ಅವರ ಕಾಲ ಕೆಳಗೆ ನನ್ನ ಕನ್ನಡಿ ಬಿದ್ದಿರಬಹುದು. ಶುಕ್ರವಾರವೇ ಕಾಣಲಿಲ್ಲ. ನಾನು ಹಳೇದನ್ನ ತೂಗುಹಾಕಿ ಆಯ್ತು ಅಂದೆ.”

ಸಾಹೇಬರ ನಗು ಮುಖದ ಮೇಲೆಯೇ ಉಳಿದು, ಕಣ್ಣು ಮಾತ್ರ ಬೇರೆಯಾಯಿತು. ಸೊಸೆ ಹದಿನೇಳನೇ ಹಲಗೆಯ ಹತ್ತಿರ ನಡೆದು, ಕನ್ನಡಿಯನ್ನು ಕೈಗೆ ತೆಗೆದುಕೊಂಡು ಕಡ್ಡಿಯನ್ನು ಬೆಳಕಿಗೆ ಹಿಡಿದಳು. ತಿರುಗಿಸಿ ಮತ್ತೊಮ್ಮೆ ಹಿಡಿದಳು. ಆಮೇಲೆ ಅದನ್ನು ಇದ್ದಲ್ಲಿಯೇ ಇಟ್ಟು, ಕೊರಳಿನ ಸರಪಣಿಯನ್ನು ತಲೆಯ ಮೇಲಿಂದ ತೆಗೆದು, ಸಾಹೇಬರ ಮೇಜಿನ ಮೇಲಿಟ್ಟು ಬಂದು ತನ್ನ ಜಾಗದಲ್ಲಿ ನಿಂತಳು. ತೆಗೆ ಎಂದು ಯಾರೂ ಹೇಳಿರಲಿಲ್ಲ.

ಗಂಟಮ್ಮ ಬೈಗುಳಕ್ಕೆ ಕಾದು ನಿಂತಳು. ಬಂದದ್ದು ಹೊಗಳಿಕೆ. ದುಭಾಷಿ ಎಲ್ಲವನ್ನೂ ಹೇಳಿದ ಮೇಲೆ ನರೆತ ಮೀಸೆಯ ಅಧಿಕಾರಿ ತಾನೇ ಮುಂದೆ ಬಂದು ಅವಳ ಕೈ ಹಿಡಿದು ಕುಲುಕಿದ. ತನ್ನ ತಪ್ಪನ್ನು ತಾನೇ ಹೇಳುವ ಕೆಲಸಗಾರರಿರುವ ಜಾಗದಿಂದ ಯಂತ್ರ ಕೊಳ್ಳುವುದಕ್ಕೆ ತನಗೆ ಯಾವ ಅಂಜಿಕೆಯೂ ಇಲ್ಲ ಎಂದನಂತೆ. ಸಾಹೇಬರಿಗೆ ಹೋದ ಜೀವ ಬಂತು. “ನಮ್ಮಲ್ಲಿ ಹೀಗೇ ಸಾರ್, ಮೊದಲಿಂದಲೂ ಹೀಗೇ” ಎಂದರು. ಗಂಟಮ್ಮನನ್ನು ಅಧಿಕಾರಿಯ ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆಸಿ, ಸಂಜೆಯೊಳಗೆ ನೋಟಿಸ್ ಬೋರ್ಡಿಗೆ ಹಾಕಿಸಿದರು. ಪೈಲಟ್ಟು ಕೆಳಗಿಳಿದು ಅವಳ ಮುಂದೆ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು.

ಸಂಜೆ ಗೇಟು ದಾಟಿದ ಮೇಲೆ ಸೊಸೆ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

“ನಿಲ್ಲಮ್ಮ ಸ್ವಲ್ಪ.”

ನಿಂತಳು, ತಿರುಗಲಿಲ್ಲ. “ಹೇಳಿ.”

“ತಪ್ಪಾಯ್ತು ಕಣಮ್ಮ.”

“ನಕ್ಷತ್ರ ನೋಡದೆ ಒತ್ತಿದ್ದು ನಾನು. ಅದು ನಂದೇ ತಪ್ಪು, ಅದನ್ನ ನಿಮ್ಮ ತಲೆಗೆ ಕಟ್ಟಲ್ಲ.” ಈಗ ತಿರುಗಿದಳು. “ಆದ್ರೆ ಅತ್ತೆ, ನಾನು ಆಯ್ತಾ ಅಂದಾಗ ನೀವು ನನ್ನ ಮುಖ ನೋಡಿ ಆಯ್ತಮ್ಮ ಅಂದ್ರಲ್ಲ. ನೆಲ ನೋಡ್ಕೊಂಡು ಅಂದಿದ್ರೂ ನನಗೆ ಗೊತ್ತಾಗ್ತಿತ್ತು.”

ಮನೆಯವರೆಗೂ ಹತ್ತು ಹೆಜ್ಜೆಯ ಅಂತರ ಹಾಗೇ ಉಳಿಯಿತು. ಮನೆಯಲ್ಲಿ ಮೂವರೂ ತಟ್ಟೆ ನೋಡಿಕೊಂಡೇ ಉಂಡರು. ಗಂಡ ಇವಳ ಮುಖ ನೋಡಿದರು, ಅವಳ ಮುಖ ನೋಡಿದರು. “ನಿಮ್ಮ ಗುಟ್ಟಿನ ಕಾರ್ಖಾನೇಲಿ ಇವತ್ತು ಬಾಯಿಗೂ ಬೀಗ ಹಾಕಿ ಕಳಿಸಿದ್ರಾ?” ಎಂದರು. ಯಾರೂ ನಗದಿದ್ದಾಗ ತಟ್ಟೆ ಎತ್ತಿಕೊಂಡು ಎದ್ದರು.

ಮಂಗಳವಾರ, ಬುಧವಾರ ಯಂತ್ರವನ್ನು ಬಿಚ್ಚುತ್ತಲೇ ಹೋದರು. ಕಾಲಡಿಯ ಮುಚ್ಚಳದ ಕೆಳಗೆ ಇರಲಿಲ್ಲ. ಹಿಂದಕ್ಕೆ ಜಾರಿರಬೇಕೆಂದು ಅದರ ಹಿಂದಿನ ಗೂಡು ಬಿಚ್ಚಿದರು. ವೈರಿನ ಕಟ್ಟುಗಳ ಹಿಂದೆ ಕೈ ಹೋಗಬೇಕಾದರೆ ಗಂಟುಗಳನ್ನು ಕತ್ತರಿಸಬೇಕು. ಗಂಟಮ್ಮನ ಹಲಗೆಯನ್ನು ಸಾಹೇಬರು ಮುಚ್ಚಿಸಿದ್ದರಿಂದ ಅವಳು ಸ್ಟೂಲಿನ ಮೇಲೆ ಕೂತು, ಬೇರೆಯವರು ಕತ್ತರಿಸಿ ಕೊಟ್ಟ ದಾರದ ತುಂಡುಗಳನ್ನು ಡಬ್ಬಿಗೆ ಹಾಕುತ್ತಿದ್ದಳು. ಒಂದು ತುಂಡೂ ಒಳಗೆ ಉಳಿಯಬಾರದಲ್ಲ. ವಾರಗಟ್ಟಲೆಯ ಕೆಲಸ ಒಂದು ಡಬ್ಬಿಗೆ ಹಿಡಿಯಿತು. ಸೊಸೆ ಮುದ್ರೆಯಿಲ್ಲದ ಕೊರಳಿನಲ್ಲಿ, ಬೇರೊಬ್ಬ ತಪಾಸಣೆಯವನಿಗೆ ಟಾರ್ಚು ಹಿಡಿದು ನಿಂತಿದ್ದಳು.

“ಮುದುಕಿಯ ಮದುವೆ ಮುಂದಕ್ಕೆ ಹೋಯ್ತು” ಎಂದ ಬಣ್ಣದವನು. “ಪರವಾಗಿಲ್ಲ ಬಿಡಿ, ನಮ್ಮ ಪ್ರಾಮಾಣಿಕ ಅಮ್ಮನ ಫೋಟೊ ಆದ್ರೂ ಬಂತಲ್ಲ.” ಅವನು ಕೆಟ್ಟವನಲ್ಲ. ಎರಡು ದಿನದಿಂದ ಮನೆಗೆ ಸರಿಯಾಗಿ ಹೋಗಿರಲಿಲ್ಲ, ಅಷ್ಟೆ. ಗುರುವಾರ ಮಧ್ಯಾಹ್ನದೊಳಗೆ ಸಿಗದಿದ್ದರೆ ಬಾಲದ ಭಾಗವನ್ನೂ ಕಳಚಬೇಕು, ಅದಕ್ಕೆ ಇನ್ನೊಂದು ತಿಂಗಳು ಎಂದು ಸಾಹೇಬರು ಹೇಳಿದ್ದರು.

ಗುರುವಾರ ಊಟವಾದ ಮೇಲೆ ಅಧಿಕಾರಿಯನ್ನೂ ಪೈಲಟ್ಟನ್ನೂ ಸುಮ್ಮನೆ ಕೂರಿಸಿದಂತಾಗಬಾರದೆಂದು ಸಾಹೇಬರು ಕ್ಯಾಮೆರಾ ಕಣ್ಣನ್ನಾದರೂ ತೋರಿಸು ಎಂದರು. ಅದನ್ನು ನೋಡಿಕೊಳ್ಳುವವನನ್ನು ಸೋಡಾಬುಡ್ಡಿ ಎನ್ನುತ್ತಿದ್ದರು, ಅಷ್ಟು ದಪ್ಪ ಕನ್ನಡಕ. “ನನಗೆ ಎದುರು ಮನೆ ಬಾಗಿಲು ಕಾಣಲ್ಲ, ನನ್ನ ಕೈಯಲ್ಲಿ ಊರೆಲ್ಲ ನೋಡೋ ಕಣ್ಣು ಕೊಟ್ಟಿದ್ದಾರೆ” ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವವನು. ಯಂತ್ರದ ಮೂಗು ಶೆಡ್ಡಿನ ದೊಡ್ಡ ಬಾಗಿಲಿನತ್ತ ಇತ್ತು. ಹೊರಗೆ ಓಡುದಾರಿ, ಬೇಲಿ, ಬಯಲು, ಅದರಾಚೆ ಸಣ್ಣಗೆ ಬಿಳಿ ಚುಕ್ಕೆಗಳಂತೆ ಕೆಲಸಗಾರರ ಮನೆಗಳು. ತಳ್ಳುಗಾಡಿಯ ಮೇಲೆ ಪರದೆ ಇಟ್ಟು ಸೋಡಾಬುಡ್ಡಿ ಗುಬುಟು ತಿರುಗಿಸಿದ. ಬಿಳಿ ಚುಕ್ಕೆಗಳು ದಡದಡನೆ ಹತ್ತಿರ ಬಂದು ಮನೆಗಳಾದವು. ನೀರಿನ ತೊಟ್ಟಿ, ಅದರ ಮೇಲೆ ಮಲಗಿದ ಬೆಕ್ಕು, ಬೆಕ್ಕಿನ ಬಾಲ. ಎಲ್ಲರೂ ಕೆಲಸ ಬಿಟ್ಟು ಪರದೆಯ ಸುತ್ತ ಸೇರಿದರು. ಗಂಟಮ್ಮ ಸ್ಟೂಲಿನಿಂದ ಏಳದೆಯೇ ನೋಡುತ್ತಿದ್ದಳು.

“ಅರೆ, ಅಲ್ಲೇನೋ ಹೊಳೀತಿದೆ” ಎಂದ ಸೋಡಾಬುಡ್ಡಿ. “ಇರಿ, ಹತ್ತಿರ ತರ್ತೀನಿ.”

ಒಂದು ಮಾಳಿಗೆ. ಹಗ್ಗದ ಮೇಲೆ ಎರಡು ಏಪ್ರನ್. ಬೋರಲು ಹಾಕಿದ ಬಕೆಟ್ಟಿನ ಮೇಲೆ ಬನಿಯನ್ ತೊಟ್ಟ ಮುದುಕರೊಬ್ಬರು ಕೂತಿದ್ದರು. ಬಿಸಿಲಿಗೆ ಮುಖವೊಡ್ಡಿ, ಬಾಯಿ ಆದಷ್ಟೂ ಅಗಲಿಸಿ, ಒಳಗೆ ಕಡ್ಡಿಯಂಥದ್ದೇನನ್ನೋ ತೂರಿಸಿಕೊಂಡು ಮೇಲೆ ಕೆಳಗೆ ಹೊರಳಿಸುತ್ತಿದ್ದರು. ಕಡ್ಡಿಯ ತುದಿಯಲ್ಲಿ ನಾಣ್ಯದಷ್ಟು ಬೆಳಕು.

ಎಲ್ಲರೂ ಗೊಳ್ಳೆಂದು ನಕ್ಕರು. “ದವಡೆ ಹಲ್ಲು ಎಣಿಸ್ತಿದ್ದಾನೆ ಅಜ್ಜ” ಎಂದ ಬಣ್ಣದವನು. ಸೋಡಾಬುಡ್ಡಿ ಒಂದು ಗುಂಡಿ ಒತ್ತಿದ. ಪರದೆಯ ನಡುವೆ ಒಂದು ಗೀಟು ಅಡ್ಡ, ಒಂದು ಗೀಟು ಉದ್ದ, ಸುತ್ತ ಒಂದು ಚೌಕ. ಚೌಕ ಆ ತಲೆಯ ಮೇಲೆ ಹೋಗಿ ಕೂತಿತು. ಮುದುಕರು ತಲೆ ವಾಲಿಸಿದರೆ ಚೌಕವೂ ವಾಲುತ್ತಿತ್ತು.

“ಒಂದ್ಸಲ ಹಿಡೀತು ಅಂದ್ರೆ ಬಿಡಲ್ಲ ಸಾರ್. ಎರಡು ಸಾವಿರದ ನೂರ ನಲವತ್ತು ಮೀಟರ್.”

ಅಧಿಕಾರಿ ಏನೋ ಕೇಳಿದ. “ಇಂಜಿನ್ ಓಡ್ತಿದ್ರೆ ಆ ಮನುಷ್ಯನಿಗೆ ಸದ್ದು ಕೇಳುತ್ತಾ ಅಂತ ಕೇಳ್ತಿದ್ದಾರೆ” ಎಂದಳು ದುಭಾಷಿ.

“ಗಾಳಿ ಆ ಕಡೆಯಿಂದ ಬೀಸ್ತಿದ್ರೆ ಏನೂ ಕೇಳಲ್ಲ ಸಾರ್. ನಾವಿದ್ದೀವಿ ಅಂತಾನೂ ಗೊತ್ತಾಗಲ್ಲ.”

ಅಧಿಕಾರಿ ಮೆಚ್ಚಿ ತಲೆಯಾಡಿಸಿದ. ಪೈಲಟ್ಟು ಪರದೆಯ ಹತ್ತಿರ ಬಗ್ಗಿ ನಗುನಗುತ್ತ ಏನೋ ಹೇಳಿದ. ದುಭಾಷಿಯೂ ನಕ್ಕಳು. “ಅವರ ಕಡೆ ಊರುಗಳಲ್ಲೂ ಮುದುಕರು ಹೀಗೇ ಮಾಳಿಗೆ ಮೇಲೆ ಬಿಸಿಲು ಕಾಯಿಸ್ಕೊಂಡು ಕೂತಿರ್ತಾರಂತೆ.”

ಗಂಟಮ್ಮನಿಗೆ ಮೊದಲು ಕಂಡದ್ದು ಬನಿಯನ್ನಿನ ಭುಜದ ಮೇಲೆ ತಾನೇ ಹಾಕಿದ ಹೊಲಿಗೆ. ಆಮೇಲೆ ಏಪ್ರನ್. ಎಣ್ಣೆಯ ಕಲೆ ಹೋಗಲಿಲ್ಲವೆಂದು ಗಂಡ ಮತ್ತೆ ಒಗೆದು ಹಾಕಿದ್ದ ಏಪ್ರನ್, ಅದರ ಒಳಜೇಬು. ಶುಕ್ರವಾರ ಅದನ್ನು ಮಡಚುವಾಗ ಜೇಬು ನೋಡಿರಲಿಲ್ಲ. ‘ಕೊನೆಗೂ ನೆನಪಿಟ್ಟುಕೊಂಡೆ’ ಎಂದರಲ್ಲ. ಒಗೆಯುವಾಗ ಸಿಕ್ಕಿದ್ದನ್ನು ತಮಗೆಂದೇ ತಂದದ್ದು ಅಂದುಕೊಂಡಿದ್ದಾರೆ ಮಹಾರಾಯರು.

ತಲೆಯೆತ್ತಿದಳು. ಪರದೆಯ ಆಚೆ ಸೊಸೆ ಟಾರ್ಚು ಹಿಡಿದುಕೊಂಡು ನಿಂತಿದ್ದಳು. ಅವಳು ಪರದೆ ನೋಡುತ್ತಿರಲಿಲ್ಲ. ಅತ್ತೆಯನ್ನು ನೋಡುತ್ತಿದ್ದಳು. ಅವಳಿಗೂ ತಿಳಿದಿತ್ತು. ತುಟಿ ಮಾತ್ರ ಬಿಚ್ಚಲಿಲ್ಲ.

ಒಂದು ಗಳಿಗೆ ಗಂಟಮ್ಮನ ತಲೆಯಲ್ಲಿ ಎಲ್ಲ ಸಲೀಸಾಗಿ ಓಡಿತು. ಈಗ ಸುಮ್ಮನಿದ್ದರೆ ಆಯಿತು. ಸಂಜೆ ಮನೆಗೆ ಹೋಗಿ ಕನ್ನಡಿ ತೆಗೆದುಕೊಳ್ಳುವುದು. ನಾಳೆ ದಾರದ ಡಬ್ಬಿ ಹಿಡಿದು ಬಗ್ಗಿದಾಗ ಯಾವುದಾದರೂ ಮೂಲೆಗೆ ಜಾರಿಸುವುದು. ‘ಇಲ್ಲಿದೆ’ ಎಂದು ಕೂಗಲು ಬಣ್ಣದವನೇ ಸಾಕು. ಫೋಟೊ ಗೋಡೆಯ ಮೇಲೆ ಉಳಿಯುತ್ತದೆ, ಸೊಸೆಗೆ ಮುದ್ರೆ ಸಿಗುತ್ತದೆ, ಮನೆಗೆ ಕೊಂಡೊಯ್ದು ಮರೆತ ಮುದುಕಿ ಎಂದು ಯಾರೂ ನಗುವುದಿಲ್ಲ. ಸೊಸೆ ಒಬ್ಬಳಿಗೆ ಗೊತ್ತಿರುತ್ತದೆ. ದಿನಾ ಪಕ್ಕದಲ್ಲಿ ನಡೆಯುವವಳು ಅವಳು ಒಬ್ಬಳೇ.

ಪರದೆಯ ಮೇಲೆ ಗಂಡ ಕನ್ನಡಿಯನ್ನು ಬನಿಯನ್ನಿಗೆ ಒರೆಸಿಕೊಂಡು ಮತ್ತೆ ಬಾಯಿ ಕಳೆದರು. ಚೌಕ ಅವರ ಬಾಯಿಯ ಮೇಲೆಯೇ ಇತ್ತು.

ಗಂಟಮ್ಮ ಎದ್ದು ನಿಂತಳು. “ಆ ಗೀಟು ಅವರ ಮೇಲಿಂದ ತೆಗಿಯಪ್ಪ ಮೊದಲು.”

“ಯಾಕಮ್ಮ?” ಎಂದ ಸೋಡಾಬುಡ್ಡಿ.

“ಅವರು ನನ್ನ ಗಂಡ. ಅವರ ಕೈಯಲ್ಲಿರೋದೇ ನೀವೆಲ್ಲ ಹುಡುಕ್ತಿರೋ ಕನ್ನಡಿ. ನನ್ನ ಜೇಬಲ್ಲೇ ಮನೆಗೆ ಹೋಗಿದೆ.” ಅಷ್ಟನ್ನೂ ಸೊಸೆಯ ಮುಖ ನೋಡುತ್ತಲೇ ಹೇಳಿದಳು.

ನಗು ಒಬ್ಬೊಬ್ಬರ ಮುಖದಿಂದಲೂ ಇಳಿಯಿತು. ಬಣ್ಣದವನು ಕುಂಚ ಒರೆಸತೊಡಗಿದ. ಅಧಿಕಾರಿ ದುಭಾಷಿಯತ್ತ ತಿರುಗಿದ. ಅವಳು ಸಂಕೋಚದಿಂದ, “ಸ್ವಲ್ಪ ನಿಧಾನವಾಗಿ ಇನ್ನೊಂದ್ಸಲ ಹೇಳ್ತೀರಾಮ್ಮ” ಎಂದಳು. ಗಂಟಮ್ಮ ಹೇಳಿದಳು. ಅವರು ನನ್ನ ಗಂಡ, ಎಂದು ನಿಲ್ಲಿಸಿದಳು. ಆ ಭಾಷೆಯಲ್ಲಿ ಅದು ಹೋಯಿತು. ಕನ್ನಡಿ ಯಂತ್ರದಲ್ಲಿಲ್ಲ. ಅದೂ ಹೋಯಿತು. ನಾನು ಏಪ್ರನ್ ಜೇಬು ನೋಡಲಿಲ್ಲ. ನೀವು ಕೈ ಕುಲುಕಿದ್ದು ಸುಮ್ಮನೆ. ತುಂಡು ತುಂಡಾಗಿ ಕಕ್ಕಿದ ಹಾಗಿತ್ತು. ಪೈಲಟ್ಟು ಅಷ್ಟು ಹೊತ್ತೂ ಅವಳನ್ನೂ ಪರದೆಯನ್ನೂ ಒಂದಾದ ಮೇಲೊಂದರಂತೆ ನೋಡುತ್ತಿದ್ದ. ಅವನ ಮುಖ ಸಣ್ಣದಾಗಿತ್ತು.

“ಗೀಟು ತೆಗಿ ಅಂದೆನಲ್ಲಪ್ಪ.”

“ಬಿಡ್ತಿಲ್ಲ ಕಣಮ್ಮ, ಇರಿ” ಎಂದು ಸೋಡಾಬುಡ್ಡಿ ಒಂದಾದ ಮೇಲೊಂದು ಗುಂಡಿ ಒತ್ತುತ್ತಿದ್ದ. ಮಾಳಿಗೆಯ ಮೇಲೆ ಗಂಡ ಎದ್ದು, ಸೊಂಟ ಹಿಡಿದುಕೊಂಡು, ಏಪ್ರನ್ನು ಒಣಗಿದೆಯೇ ಎಂದು ಮುಟ್ಟಿ ನೋಡಿದರು. ಚೌಕ ಜೊತೆಯಲ್ಲೇ ಎದ್ದಿತು, ಜೊತೆಯಲ್ಲೇ ನಡೆಯಿತು. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಕಾರ್ಖಾನೆಯ ಕಡೆ ನೋಡಿದರು, ಇವರೆಲ್ಲ ಎಷ್ಟು ಹೊತ್ತಿಗೆ ಬರುತ್ತಾರೋ ಎಂಬಂತೆ. ಶೆಡ್ಡಿನಲ್ಲಿದ್ದ ಇಪ್ಪತ್ತು ಜನರ ಕಣ್ಣಿಗೆ ಕಣ್ಣು ಕೊಟ್ಟು ನಿಂತಿದ್ದರು, ಒಬ್ಬರೂ ಅವರಿಗೆ ಕಾಣುತ್ತಿರಲಿಲ್ಲ.

ಆ ಚಿತ್ರ ಬರುತ್ತಿದ್ದ ವೈರನ್ನು ಗಂಟಮ್ಮನೇ ಕಟ್ಟಿದ್ದಳು. ಶುಕ್ರವಾರದಿಂದ ಅವಳು ಹೆದರಿದ್ದೆಲ್ಲ 
ಒಳಗೆ ಕೂರುವವನಿಗೆ ಏನಾದೀತೋ ಎಂದು. ಇಪ್ಪತ್ತೆಂಟು ವರ್ಷವೂ ಅಷ್ಟೇ. ಹೊರಗೆ ಚೌಕದೊಳಗೆ ಸಿಕ್ಕುವವನ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ಯಂತ್ರದ ಮೂಗಿನ ಹತ್ತಿರ ಹೋಗಿ, ನೆಲದ ಮೇಲಿದ್ದ ಗವಸನ್ನು ಎತ್ತಿ ಆ ಗಾಜಿನ ಕಣ್ಣಿಗೆ ಹಾಕಿ ದಾರ ಬಿಗಿದಳು. ಪರದೆ ಕಪ್ಪಾಯಿತು. ಚೌಕ ಕಪ್ಪಿನ ಮೇಲೂ ಇತ್ತು.

ಸೊಸೆಯನ್ನು ಜೀಪಿನಲ್ಲಿ ಮನೆಗೆ ಕಳಿಸಿದರು. ಅರ್ಧ ಗಂಟೆಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಕನ್ನಡಿ ತಂದಳು. “ಹದಿನೇಳು. ನಕ್ಷತ್ರ” ಎಂದು ಎಲ್ಲರಿಗೂ ಕೇಳುವಂತೆ ಓದಿ ನೆರಳಿನ ಮೇಲೆ ತೂಗುಹಾಕಿದಳು. ಮುದ್ರೆಯ ಮಾತನ್ನು ವಿಚಾರಣೆಯಾದ ಮೇಲೆ ನೋಡೋಣ ಎಂದರು ಸಾಹೇಬರು; ಅದು ಅವರ ಡ್ರಾಯರಿನಲ್ಲೇ ಉಳಿಯಿತು. ನೋಟಿಸ್ ಬೋರ್ಡಿನಲ್ಲಿ ಫೋಟೊ ಇದ್ದ ಕಡೆ ನಾಲ್ಕು ಪಿನ್ನು ಉಳಿದವು. “ಕತ್ತರಿಸಿದ್ದನ್ನ ಮತ್ತೆ ಕಟ್ಟೋಕೆ ಎಷ್ಟು ದಿನ ಬೇಕು?” ಎಂದು ಸಾಹೇಬರು ಅವಳ ಮುಖ ನೋಡದೆ ಕೇಳಿದರು. ಅಂಥ ಗಂಟು ಹಾಕುವವರು ಬೇರೆ ಯಾರೂ ಇರಲಿಲ್ಲ. “ಮೂರು ವಾರ” ಎಂದಳು. ಅದನ್ನು ಹೇಳುವಾಗಲೂ ತಲೆ ಮೇಲೇಳಲಿಲ್ಲ.

ಹೊರಡುವಾಗ ಸೊಸೆ ಹಳೆಯ ಕನ್ನಡಿಯನ್ನು ಅವಳ ಕೈಗಿಟ್ಟಳು. “ಇದನ್ನ ಮಾವನಿಗೆ ಕೊಡಿ. ಇನ್ನೊಂದು ಕಡೆ ಹಲ್ಲು ನೋಡೋದು ಬಾಕಿ ಇತ್ತಂತೆ.” ದಾರಿಯಲ್ಲಿ ಇಬ್ಬರೂ ಜೊತೆಯಾಗಿ ನಡೆದರು.

ಮಾಳಿಗೆಯ ಮೇಲೆ ಇನ್ನೂ ಬಿಸಿಲಿತ್ತು. ಗಂಡ ಕನ್ನಡಿ ಇಸಿದುಕೊಂಡು ಬಕೆಟ್ಟಿನ ಮೇಲೆ ಕೂತರು. “ಒಂದು ಕೊಡ್ತೀರಿ, ಜೀಪಲ್ಲಿ ಬಂದು ಕಸಕೊಂಡು ಹೋಗ್ತೀರಿ, ಸಂಜೆ ಇನ್ನೊಂದು ತರ್ತೀರಿ. ಏನು ಕಥೆ ನಿಮ್ದು?”

“ಏನೂ ಇಲ್ಲ. ಇನ್ಮೇಲೆ ಒಳಗೆ ಕೂತು ನೋಡ್ಕೊಳಿ.”

“ಒಳಗೆ ಬೆಳಕೆಲ್ಲಿದೆಯೇ?”

ಅವರು ಬಾಯಿ ಕಳೆದರು. ದೂರದಲ್ಲಿ ಬಯಲಿನಾಚೆ ಶೆಡ್ಡಿನ ಬಾಗಿಲು ಬೆರಳಗಲದ ಕಪ್ಪಾಗಿ ಕಾಣುತ್ತಿತ್ತು. ಗಂಟಮ್ಮ ಆ ಕಪ್ಪಿಗೆ ಬೆನ್ನು ಮಾಡಿ ಗಂಡನ ಎದುರಿಗೆ ಬಂದು ನಿಂತಳು. ಅವಳ ನೆರಳು ಅವರ ಮುಖದ ಮೇಲೆ ಬಿತ್ತು.

“ಬೆಳಕಿಗೆ ಅಡ್ಡ ನಿಂತಿದ್ದೀಯ, ಸರಿಯೇ ಆ ಕಡೆ.”

ಅವಳು ಸರಿಯಲಿಲ್ಲ.